ಎರಡು ಸಲ ಬಿದ್ದ ಉಪ್ಪು

ಹೊಳೆಯಂಚಿನ ಆ ಆಶ್ರಮದಲ್ಲಿ ಒಂದು ಕಾಲಕ್ಕೆ ಊಟದ ಹೊತ್ತಿಗೆ ಇಪ್ಪತ್ತು ಎಲೆ ಹಾಕುತ್ತಿದ್ದರು. ಈಗ ಎರಡೇ ಎಲೆ.

ಒಂದು ಗುರುವಿನದು, ಇನ್ನೊಂದು ವಾಮನನದು.

ಉಳಿದ ಶಿಷ್ಯರು ಒಬ್ಬೊಬ್ಬರಾಗಿ ಹೊಳೆ ದಾಟಿ ಹೋಗಿದ್ದರು. ವಾಮನನಿಗೆ ಹೋಗಲು ಬೇರೆ ಊರಿರಲಿಲ್ಲ. ಅಡುಗೆ ಬಿಟ್ಟರೆ ಬೇರೆ ಕೆಲಸವೂ ಬರುತ್ತಿರಲಿಲ್ಲ. ವಯಸ್ಸು ನಲವತ್ತು ದಾಟಿತ್ತು.

ಗುರುವಿನ ನಾಲಿಗೆ ಸುತ್ತಲ ಊರುಗಳಲ್ಲೆಲ್ಲ ಹೆಸರುವಾಸಿ. ಹಿಂದೆಲ್ಲ ಆಲೆಮನೆಯವರು ಹೊಸ ಬೆಲ್ಲದ ಮೊದಲ ಅಚ್ಚನ್ನು ಅವರಿಗೇ ತರುತ್ತಿದ್ದರು. ಅವರು ಒಂದು ಚೂರು ಬಾಯಿಗೆ ಹಾಕಿಕೊಂಡು, ಕಬ್ಬು ಹೊಳೆಯ ಯಾವ ದಡದ್ದು ಎಂದು ಹೇಳಿಬಿಡುತ್ತಿದ್ದರು. ಅವರು ಚೆನ್ನಾಗಿದೆ ಎಂದರೆ ಮುಗಿಯಿತು, ಅದರ ಮೇಲೆ ಯಾರೂ ಮಾತಾಡುತ್ತಿರಲಿಲ್ಲ.

ಆಶ್ರಮಕ್ಕೆ ಗುರುವೇ ಮಾಡಿದ ಒಂದು ಕಟ್ಟಳೆಯಿತ್ತು. ಒಲೆಯ ಮುಂದೆ ರುಚಿ ನೋಡುವಂತಿಲ್ಲ. ಅಡುಗೆ ಮೊದಲು ದೇವರಿಗೆ, ಆಮೇಲೆ ಗುರುವಿಗೆ, ಕೊನೆಗೆ ಮಾಡಿದವನಿಗೆ.

ಹಾಗಾಗಿ ಗುರು ಮೊದಲ ತುತ್ತು ನುಂಗುವವರೆಗೆ ವಾಮನ ಸೌಟು ಹಿಡಿದು ನಿಂತಿರುತ್ತಿದ್ದ.

"ಹೇಗಿದೆ ಗುರುಗಳೇ?"

"ಚೆನ್ನಾಗಿದೆ."

ದಿನಕ್ಕೆ ಅವರಿಬ್ಬರ ನಡುವೆ ಅಷ್ಟೇ ಮಾತು. ಗುರು ಹೆಚ್ಚು ಮಾತಿನವರಲ್ಲ. ವಾಮನನೋ, ತಾನಾಗಿ ಮಾತು ತೆಗೆಯಲು ಹಿಂಜರಿಯುವವನು. ಉಳಿದ ಹೊತ್ತೆಲ್ಲ ಹೊಳೆಯ ಸದ್ದನ್ನು ಇಬ್ಬರೂ ಬೇರೆ ಬೇರೆ ಕಡೆ ಕೂತು ಕೇಳುತ್ತಿದ್ದರು.

ಒಂದು ದಿನ ಹುರುಳಿ ಸಾರು ಕುದಿಯುತ್ತಿದ್ದಾಗ ಹಿತ್ತಿಲಿಗೆ ದನ ನುಗ್ಗಿತು. ವಾಮನ ಓಡಿಹೋಗಿ ಅದನ್ನು ಅಟ್ಟಿ ಬಂದ. ಆಗಲೇ ಉಪ್ಪು ಹಾಕಿದ್ದು ಮರೆತು ಇನ್ನೊಂದು ಸಲ ಅಷ್ಟೇ ಹಾಕಿದ.

"ಹೇಗಿದೆ ಗುರುಗಳೇ?"

"ಚೆನ್ನಾಗಿದೆ."

ಗುರು ಉಂಡು, ಒಂದು ಚೊಂಬು ನೀರು ಪೂರಾ ಕುಡಿದು ಎದ್ದರು.

ಆಮೇಲೆ ವಾಮನ ತನ್ನ ಎಲೆಗೆ ಬಡಿಸಿಕೊಂಡ. ಮೊದಲ ತುತ್ತಿಗೇ ಕಣ್ಣಲ್ಲಿ ನೀರು ಬಂತು. ಇದು ಸಾರಲ್ಲ, ಬರೀ ಉಪ್ಪಿನ ನೀರು ಎಂದಿತು ನಾಲಿಗೆ.

ವಾಮನ ತನ್ನ ನಾಲಿಗೆಯನ್ನೇ ಗದರಿಸಿದ. ಗುರುಗಳ ನಾಲಿಗೆಯೆಲ್ಲಿ, ನೀನೆಲ್ಲಿ? ಅವರು ಚೆನ್ನಾಗಿದೆ ಎಂದ ಮೇಲೆ ಇದೇ ಸರಿಯಾದ ಹದ. ಇಷ್ಟು ವರ್ಷ ಅವರಿಗೆ ಸಪ್ಪೆ ಸಾರು ಬಡಿಸಿದೆನಲ್ಲ ಎಂದು ಅವನಿಗೆ ನಾಚಿಕೆಯೂ ಆಯಿತು.

ಮರುದಿನ ಬೇಕೆಂದೇ ಎರಡು ಸಲ ಉಪ್ಪು ಹಾಕಿದ. ಅದರ ಮರುದಿನವೂ ಹಾಕಿದ. ಭಕ್ತಿ ಇಂಥ ಕೆಲಸವನ್ನೂ ಮಾಡಿಸುತ್ತದೆ.

ದಿನ ಕಳೆದಂತೆ ಅವನ ಊಟ ಕಮ್ಮಿಯಾಯಿತು. ತುತ್ತಿಗೊಂದು ಗುಟುಕು ನೀರು ಕುಡಿದು ಹೇಗೋ ನುಂಗುತ್ತಿದ್ದ. ಉಂಡೆದ್ದರೂ ಉಂಡಂತೆ ಇರುತ್ತಿರಲಿಲ್ಲ. ಇದನ್ನು ಹೇಳಿಕೊಳ್ಳಲು ಅಲ್ಲಿ ಇನ್ನೊಬ್ಬರೂ ಇರಲಿಲ್ಲ.

"ಕಾಲಿಗೆ ಮೆಟ್ಟು ಬಿಗಿಯಾಗುತ್ತಿದೆ ವಾಮನ" ಎಂದರು ಗುರು ಒಂದು ಬೆಳಿಗ್ಗೆ.

ತೊಗಲು ಒಣಗಿರಬೇಕು ಎಂದುಕೊಂಡು ವಾಮನ ಮೆಟ್ಟಿಗೆ ಎಣ್ಣೆ ಹಚ್ಚಿ ಇಟ್ಟ.

ಹದಿನೈದನೆಯ ದಿನ ದೋಣಿ ನಡೆಸುವ ಮಾರವ್ವ ಆಚೆ ದಡದಿಂದ ಅಕ್ಕಿ ಮೂಟೆ ತಂದಳು. ಗುರುವಿನ ಊಟ ಆಗಿತ್ತು. ವಾಮನ ಅವಳಿಗೂ ಎಲೆ ಹಾಕಿದ.

ಅವಳು ಒಂದು ತುತ್ತು ಬಾಯಿಗಿಟ್ಟು, ಎದ್ದುಹೋಗಿ ಹೊರಗೆ ಉಗಿದು ಬಂದಳು.

"ಇದೇನಪ್ಪ ಇದು! ಇದನ್ನ ಬಾಯಿಗಿಡಕ್ಕಾಯ್ತದಾ? ಗುರುಗಳ್ಗೂ ಇದನ್ನೇ ಹಾಕ್ತಿದ್ದೀಯಾ?"

"ಗುರುಗಳು ಚೆನ್ನಾಗಿದೆ ಅಂದಿದ್ದಾರೆ."

"ನಿಂಗೆ ಬಾಯಿಲ್ವಾ? ಅವ್ರ ಕಾಲು ನೋಡಿದ್ದೀಯಾ? ಊದ್ಕಂಡು ಕುಂಬಳಕಾಯಿ ಆಗವೆ!"

ವಾಮನ ಸೌಟನ್ನು ಅಲ್ಲೇ ಬಿಟ್ಟು ಹೊಳೆಯ ಕಡೆ ಓಡಿದ.

ಗುರು ಕಲ್ಲಿನ ಮೇಲೆ ಕೂತು ಕಾಲನ್ನು ನೀರಿಗೆ ಇಳಿಬಿಟ್ಟಿದ್ದರು. ವಾಮನ ಅವರ ಒಂದು ಕಾಲೆತ್ತಿ ತನ್ನ ತೊಡೆಯ ಮೇಲಿಟ್ಟುಕೊಂಡು ಹೆಬ್ಬೆರಳಿನಿಂದ ಒತ್ತಿದ. ಒತ್ತಿದ ಕಡೆ ಬಿದ್ದ ಗುಳಿ ಹಾಗೇ ಉಳಿಯಿತು. ಅವನಿಗೆ ಅಳು ತಡೆಯಲಾಗಲಿಲ್ಲ.

"ಗುರುಗಳೇ, ಸಾರು ಉಪ್ಪಾಗಿತ್ತು."

"ಎಷ್ಟು ದಿನದಿಂದ?"

"ಹದಿನೈದು ದಿನದಿಂದ."

"ನಿನಗೆ ಯಾವಾಗ ಗೊತ್ತಾಯಿತು?"

"ಮೊದಲ ದಿನ, ಮೊದಲ ತುತ್ತಿಗೇ."

"ಮತ್ತೆ?"

"ನೀವು ಚೆನ್ನಾಗಿದೆ ಅಂದಿರಿ."

ಗುರು ಅವನ ಹೆಗಲ ಮೇಲೆ ಕೈಯಿಟ್ಟರು.

"ಮೂರು ವರ್ಷದ ಹಿಂದೆ ನನಗೆ ಜ್ವರ ಬಂದಿತ್ತಲ್ಲ, ನೆನಪಿದೆಯಾ? ಅದು ಹೋಗುವಾಗ ನಾಲಿಗೆಯ ರುಚಿಯನ್ನೂ ತೆಗೆದುಕೊಂಡು ಹೋಯಿತು. ನಿನ್ನ ಸಾರೂ ನನಗೆ ಒಂದೇ, ಈ ಹೊಳೆ ನೀರೂ ಒಂದೇ."

ವಾಮನನ ದನಿ ಆ ಆಶ್ರಮದಲ್ಲಿ ಮೊದಲ ಸಲ ಏರಿತು.

"ಮೂರು ವರ್ಷ ದಿನಾ ಚೆನ್ನಾಗಿದೆ ಅಂದಿರಲ್ಲ! ಒಂದು ಮಾತು ಯಾಕೆ ಹೇಳಲಿಲ್ಲ?"

"ಹೇಳಿದ್ದರೆ ನೀನು ಹೇಗಿದೆ ಎಂದು ಕೇಳುವುದನ್ನೇ ಬಿಡುತ್ತಿದ್ದೆ."

ವಾಮನ ಹಿಡಿದಿದ್ದ ಕಾಲನ್ನು ಮೆಲ್ಲಗೆ ನೀರಿಗೆ ಇಳಿಸಿದ.

"ಬೆಳಗಿನಿಂದ ಸಂಜೆಯವರೆಗೆ ನನ್ನನ್ನು ಒಬ್ಬರು ಮಾತಾಡಿಸುವುದು ಅಂದರೆ ಅದೊಂದೇ" ಎಂದರು ಗುರು. "ಅದನ್ನೂ ಕಳೆದುಕೊಳ್ಳಲು ಮನಸ್ಸು ಬರಲಿಲ್ಲ."

ಈ ದಡದಲ್ಲಿ ತಾನೊಬ್ಬನೇ ಒಂಟಿ ಎಂದುಕೊಂಡಿದ್ದ ವಾಮನ. ಇಪ್ಪತ್ತು ಹೆಜ್ಜೆ ಆಚೆ ಇನ್ನೊಬ್ಬರು ಹೀಗೇ ಕೂತಿರುತ್ತಾರೆಂದು ಅವನಿಗೆ ಒಂದು ದಿನವೂ ಹೊಳೆದಿರಲಿಲ್ಲ. ಅವನಿಗೆ ತುಂಬ ಸಂಕಟವಾಯಿತು.

"ಅದು ನನ್ನ ತಪ್ಪು" ಎಂದರು ಗುರು. "ಈಗ ನಿನ್ನದು ಹೇಳು."

"ದನ ಅಟ್ಟಿ ಬಂದು, ಮರೆತು ಎರಡು ಸಲ ಉಪ್ಪು ಹಾಕಿದೆ."

"ಅದು ದನದ ತಪ್ಪು. ನಾನು ಕೇಳಿದ್ದು ನಿನ್ನದು."

ಗುರುವಿನ ಕೈಹಿಡಿದು ಎಬ್ಬಿಸಿ, ಮೆಟ್ಟನ್ನು ತಾನು ಎತ್ತಿಕೊಂಡು, ವಾಮನ ಮೆಲ್ಲಗೆ ಆಶ್ರಮಕ್ಕೆ ನಡೆಸಿಕೊಂಡು ಬಂದ.

ಮರುದಿನ ಮತ್ತೆ ಹುರುಳಿ ಸಾರು. ದೇವರ ಎಡೆ ಆದ ಮೇಲೆ ಗುರು ವಾಮನನ ಎಲೆಯನ್ನು ತಾವೇ ತಂದು ತಮ್ಮ ಎಲೆಯ ಪಕ್ಕಕ್ಕೆ ಹಾಕಿದರು.

"ಕೂತುಕೋ. ಮೊದಲು ನೀನು ಉಣ್ಣು."

"ಕಟ್ಟಳೆ ಇದೆಯಲ್ಲ ಗುರುಗಳೇ?"

"ಕಟ್ಟಳೆ ಮಾಡಿದವನೇ ಹೇಳುತ್ತಿದ್ದೇನೆ. ಉಣ್ಣು."

ವಾಮನ ಒಂದು ತುತ್ತು ತಿಂದ. ಅಭ್ಯಾಸಬಲದಿಂದ ಗುರುವಿನ ಮುಖ ನೋಡಿದ.

"ಇಲ್ಲಿ ಏನು ನೋಡುತ್ತೀಯ? ತುತ್ತು ನಿನ್ನ ಬಾಯಲ್ಲಿದೆ."

ವಾಮನ ಕಣ್ಣು ಮುಚ್ಚಿಕೊಂಡು ಇನ್ನೊಂದು ತುತ್ತು ತಿಂದ. ತುಂಬ ಹೊತ್ತು ಅಗಿದ.

"ಉಪ್ಪು ಹದವಾಗಿದೆ" ಎಂದ, ಅಂಜುತ್ತಲೇ. ಆಮೇಲೆ ಸ್ವಲ್ಪ ಧೈರ್ಯ ಬಂತು. "ಹುಳಿ ಒಂಚೂರು ಮುಂದಾಗಿದೆ. ಹಾಗಿದ್ದರೇ ನನಗಿಷ್ಟ. ನಮ್ಮವ್ವ ಹಾಗೇ ಮಾಡುತ್ತಿದ್ದಳು."

ತನಗೆ ಏನು ಇಷ್ಟ ಎಂದು ಆ ಆಶ್ರಮದಲ್ಲಿ ಅವನು ಬಾಯಿಬಿಟ್ಟು ಹೇಳಿದ್ದು ಅದೇ ಮೊದಲು. ಹೇಳಿ, ಗಾಬರಿಯಾಗಿ ಮಾತು ನಿಲ್ಲಿಸಿದ.

ಗುರು ಅನ್ನಕ್ಕೆ ಸಾರು ಕಲಸಿ ತುತ್ತು ಎತ್ತಿದ್ದರು. ಅದನ್ನು ಬಾಯಿಗಿಡದೆ ಹಾಗೇ ಹಿಡಿದು, ಅವನ ಕಡೆ ತಿರುಗಿದರು.

"ನಿಲ್ಲಿಸಬೇಡ ವಾಮನ, ಹೇಳು. ಇವತ್ತು ನಾನು ಏನು ಉಣ್ಣುತ್ತಿದ್ದೇನೆ?"