ಕೋಳಿ ತನ್ನ ಮೊಟ್ಟೆಯ ಚಿಪ್ಪನ್ನು ತಾನೇ ಏಕೆ ಒಡೆಯುವುದಿಲ್ಲ

ಲೋಕಕ್ಕೆ ಇನ್ನೂ ಹಸಿ ಮಣ್ಣಿನ ವಾಸನೆ ಇದ್ದ ಕಾಲ. ಗಾಳಿ ಮನೆಯೊಳಗೆ ಬಂದು ಕೂತು ಮಾತಾಡಿ ಹೋಗುತ್ತಿತ್ತು. ಹೊಳೆ ದಾರಿಹೋಕರನ್ನು ನಿಲ್ಲಿಸಿ ಕ್ಷೇಮ ವಿಚಾರಿಸುತ್ತಿತ್ತು. ಆಗ ಕೋಳಿಗೆ ಕಾವು ಕೂರುವುದು ಗೊತ್ತಿರಲಿಲ್ಲ. ಮೊಟ್ಟೆ ಇಡುವುದು, ಊರಿಗೆಲ್ಲ ಕೇಳುವಂತೆ ಬೊಬ್ಬೆ ಹೊಡೆಯುವುದು, ಆಮೇಲೆ ತಿಪ್ಪೆ ಕೆದಕಲು ಹೋಗುವುದು. ಅಲ್ಲಿಗೆ ಅದರ ಕೆಲಸ ಮುಗಿಯಿತು.

ಮರಿ ಮಾಡಿಸುವ ಕೆಲಸ ಕೋಳಿ ಸಾಕಿದ್ದ ದುಂಡಮ್ಮನದು. ಒಲೆಯ ಪಕ್ಕದಲ್ಲೊಂದು ಮಡಕೆ ಇಟ್ಟು, ಭತ್ತದ ಹೊಟ್ಟು ತುಂಬಿ, ಅದರೊಳಗೆ ಮೊಟ್ಟೆ ಹೂತು ಮುಚ್ಚಳ ಮುಚ್ಚುತ್ತಿದ್ದಳು. ಇಪ್ಪತ್ತೊಂದು ದಿನಕ್ಕೆ ಮರಿ ಬರಬೇಕಿತ್ತು. ಒಂದೂ ಬರಲಿಲ್ಲ. ಇತ್ತ ಲೋಕದ ಜೊತೆಗೇ ಹುಟ್ಟಿದ್ದ ಕೋಳಿಗಳು ಒಂದೊಂದಾಗಿ ಮುದಿಯಾಗಿ ಸತ್ತವು. ಕೊನೆಗೆ ಉಳಿದದ್ದು ಒಂದು ಕುಂಟು ಹುಂಜ, ಒಂದು ಬೂದು ಹೇಂಟೆ. ಇವೂ ಹೋದರೆ ಕೋಳಿ ಅನ್ನುವ ಜೀವವೇ ಭೂಮಿಯ ಮೇಲಿರುವುದಿಲ್ಲ.

ದುಂಡಮ್ಮ ಕೆಟ್ಟ ಮೊಟ್ಟೆಯೊಂದನ್ನು ಒಡೆದು ನೋಡಿದಳು. ಒಳಗಿನ ಮರಿ ಚಿಪ್ಪಿನ ಒಂದೇ ಮಗ್ಗುಲಿಗೆ ಅಂಟಿಕೊಂಡು ಸತ್ತಿತ್ತು. ಅದನ್ನು ಅಂಗೈಯಲ್ಲಿಟ್ಟುಕೊಂಡು ಹೊಳೆಯ ಹತ್ತಿರ ಹೋದಳು.

"ನನ್ನೊಳಗಿರೋ ಕಲ್ಲುಗಳ್ನ ನಾನು ಒಂದು ಗಳಿಗೆ ಸುಮ್ನೆ ಬಿಡಾಕಿಲ್ಲ ಕಣವ್ವ," ಅಂದಿತು ಹೊಳೆ. "ನೀನು ಮೊಟ್ಟೇನ ಇಟ್ಟ ಹಂಗೇ ಬಿಟ್ಟಿದ್ದೀಯ. ಮಗುಚು."

ಅಂದಿನಿಂದ ದುಂಡಮ್ಮ ಹೊತ್ತು ಹೊತ್ತಿಗೆ ಮೊಟ್ಟೆ ಮಗುಚಿದಳು. ಮರಿಗಳು ಚಿಪ್ಪಿನ ತುಂಬ ಬೆಳೆದವು. ಇಪ್ಪತ್ತನೆಯ ದಿನ ಮಡಕೆಯೊಳಗಿಂದ ಸಣ್ಣ ದನಿ ಕೇಳಿತು. ಚಿಂವ್.

ಅವಳ ಊರಿನಲ್ಲಿ ಒಂದು ಪದ್ಧತಿ. ಬಾಗಿಲಲ್ಲಿ ಕೂಗಿದವರನ್ನು ಎರಡನೆಯ ಸಲ ಕೂಗಿಸಬಾರದು. ಕೈಯಲ್ಲಿ ಹಿಟ್ಟಿದ್ದರೆ ಹಿಟ್ಟಿನ ಕೈಯಲ್ಲೇ ಓಡಿಹೋಗಿ ಬಾಗಿಲು ತೆಗೆಯಬೇಕು. ದುಂಡಮ್ಮ ಹಾಗೆಯೇ ಓಡಿದಳು. ಮುಚ್ಚಳ ತೆಗೆದಳು, ಉಗುರಿನಿಂದ ಚಿಪ್ಪು ಬಿಡಿಸಿದಳು. ರಕ್ತ ಬಂತು. ಮರಿ ಅವಳ ಕೈಯಲ್ಲೇ ತಣ್ಣಗಾಯಿತು. ಇನ್ನೊಂದು ಕೂಗಿತು, ಅದನ್ನೂ ಬಿಡಿಸಿದಳು. ಸಂಜೆಯೊಳಗೆ ಹನ್ನೊಂದು ಮರಿಗಳು ಹೋದವು.

"ಕೂಗಿದ ತಕ್ಷಣ ತೆಗೆದ್ನಲ್ಲಪ್ಪ! ನಾನೇನು ತಪ್ಪು ಮಾಡ್ದೆ?" ಎಂದು ದುಂಡಮ್ಮ ಗೋಳೋ ಎಂದು ಅತ್ತಳು.

ಮೂಲೆಯಲ್ಲಿದ್ದ ಗಾಳಿ ಮೆಲ್ಲಗೆ ಬಾಯಿಬಿಟ್ಟಿತು. "ತಪ್ಪಲ್ಲಿ ನನ್ನ ಪಾಲೂ ಅದೆ ಅವ್ವ. ನೀನು ಮುಚ್ಚಳ ತೆಗೆದಾಗೆಲ್ಲ ನಾನು ಒಳಕ್ಕೆ ನುಗ್ಗಿ ಅಲ್ಲಿನ ಪಸೆ ಕುಡಿದ್ಬಿಟ್ಟೆ. ಪೊರೆ ಒಣಗಿ ಮರಿ ಮೈಗೆ ಬಿಗಿದ್ಕೊಳ್ತು. ಚಿಪ್ಪಿನ ಸಣ್ಣ ತೂತಲ್ಲಿ ನಾನು ಹೋಗಿ ಬತ್ತಿರ್ತೀನಿ, ಒಳಗಿನ ಕೆಲಸ ಬಲ್ಲೆ. ಪೊರೇಲಿರೋ ರಕ್ತ ಇನ್ನೂ ಮರಿ ಮೈಗೆ ಸೇರ್ಬೇಕು, ಮೊಟ್ಟೇಲಿರೋ ಹಳದಿ ಅದರ ಹೊಟ್ಟೆಗೆ ಸೇರ್ಬೇಕು. ಅದಕ್ಕೆ ಒಂದು ಹಗಲು ಒಂದು ರಾತ್ರಿ ಬೇಕು."

"ಮತ್ತೆ ಕೂಗ್ತದಲ್ಲ?"

"ಬಾಗಿಲು ತೆಗೀರಿ ಅಂತ ಅಲ್ಲ. ಒಳಗೆ ಕತ್ತಲೆ. ಹೊರಗೆ ಯಾರಾರ ಅವ್ರಾ ಅಂತ ಕೇಳ್ತದೆ."

ಹೊಸ್ತಿಲಲ್ಲಿದ್ದ ಬೂದು ಹೇಂಟೆ ಇದನ್ನೆಲ್ಲ ಕೇಳಿಸಿಕೊಂಡಿತು. ಅದು ಹುಟ್ಟಿದಂದಿನಿಂದ ಒಂದು ಕಡೆ ನಿಂತದ್ದಲ್ಲ. "ಅಕ್ಕ, ಮಡಕೆಗೆ ಓಗೊಡೋಕೆ ಬಾಯಿಲ್ಲ. ನನಗದೆ. ನಾನು ಕೂತ್ಕೋತೀನಿ," ಅಂದಿತು.

ಅದು ಆಮೇಲೆ ಇಟ್ಟದ್ದು ಆರೇ ಮೊಟ್ಟೆ. ಅವೇ ಕೊನೆಯವು. ಹೇಂಟೆ ಅವುಗಳ ಮೇಲೆ ಕೂತು ಕೊಕ್ಕಿನಿಂದ ಮಗುಚಿತು. ತನ್ನ ಎದೆಯ ಗರಿ ತಾನೇ ಕಿತ್ತು ಬರಿ ಮೈ ತಾಗಿಸಿತು. ಕೊನೆಯ ಮೂರು ದಿನ ಗಾಳಿಗೆ ಎಡೆಯಾದೀತೆಂದು ಮಿಸುಕಲಿಲ್ಲ, ಕಾಳು ನೀರಿಗೂ ಏಳಲಿಲ್ಲ.

ಇಪ್ಪತ್ತನೆಯ ದಿನ ಮೊದಲ ಮೊಟ್ಟೆ ಬಿರುಕು ಬಿಟ್ಟಿತು. ಚಿಂವ್. ದುಂಡಮ್ಮ ಎದ್ದೇಬಿಟ್ಟಳು.

"ಕೂತ್ಕೋ ಅಕ್ಕ," ಅಂದಿತು ಹೇಂಟೆ.

ದುಂಡಮ್ಮ ಎರಡೂ ಕೈಯನ್ನು ಸೆರಗಿನಲ್ಲಿ ಸುತ್ತಿಕೊಂಡು ಕೂತಳು. ಮರಿ ಕೂಗಿತು, ಹೇಂಟೆ ಕೊಕ್ ಕೊಕ್ ಎಂದು ಓಗೊಟ್ಟಿತು. ಆಮೇಲೆ ಮರಿ ಬಹಳ ಹೊತ್ತು ಸುಮ್ಮನಾಯಿತು. ಸತ್ತೇ ಹೋಯಿತೇನೋ ಎಂದು ಹೇಂಟೆಯ ಕೊಕ್ಕೂ ಚಿಪ್ಪಿನವರೆಗೆ ಹೋಯಿತು. ಆದರೆ ಕುಕ್ಕಲಿಲ್ಲ. ಕೊಕ್ ಕೊಕ್ ಎಂದಿತು, ಕಾಯಿತು.

ಮಾರನೆಯ ದಿನ ಬಿಸಿಲೇರುವ ಹೊತ್ತಿಗೆ ಮರಿ ತಾನೇ ಚಿಪ್ಪನ್ನು ಸುತ್ತ ಕತ್ತರಿಸಿ ಹೊರಗೆ ಬಿತ್ತು. ಆರರಲ್ಲಿ ಐದು ಬಂದವು. ಆರನೆಯದು ಕೂಗಲೇ ಇಲ್ಲ. ಹೇಂಟೆ ಎರಡು ದಿನ ಅದನ್ನು ಕರೆದು ನೋಡಿ, ಕೊನೆಗೆ ಅದನ್ನು ಅಲ್ಲೇ ಬಿಟ್ಟು ಐದು ಮರಿಗಳನ್ನು ಕರೆದುಕೊಂಡು ಅಂಗಳಕ್ಕೆ ಇಳಿಯಿತು.

ಅದಕ್ಕೇ ಮಗು, ಇವತ್ತಿಗೂ ಕಾವಿಗೆ ಕೂತ ಕೋಳಿ ಕೊನೆಯ ಮೂರು ದಿನ ಕಾಳು ತೋರಿಸಿದರೂ ಏಳುವುದಿಲ್ಲ. ಅಷ್ಟು ಚೂಪಾದ ಕೊಕ್ಕಿದ್ದರೂ ಚಿಪ್ಪು ಒಡೆಯದೆ, ಒಳಗಿನ ಮರಿ ಕೂಗಿದಾಗೆಲ್ಲ ಇದ್ದೀನಿ ಇದ್ದೀನಿ ಎಂದು ಓಗೊಡುತ್ತಾ ಕೂತಿರುತ್ತದೆ.