ಸೊಂಟದ ಸುರುಳಿ

"ಗುರುಗಳೇ, ಮನೆಯ ಹಂಗು ಕಡಿದುಕೊಂಡು ಹೊರಟುಬಿಡು ಎಂದು ಒಳಗೊಂದು ದನಿ ಕೂಗುತ್ತಿದೆ. ನಾಳೆ ಹೆಂಡತಿಗೆ ಹೇಳಿಬಿಡುತ್ತೇನೆ. ಒಳಗಿನ ದನಿ ನನ್ನದೇ ತಾನೇ?" ಎಂದು ಶಿಷ್ಯ ಕೇಳಿದ.

ಗುರು ಒಂದು ಕತೆ ಹೇಳಿದರು.

ಕಡಲತಡಿಯಲ್ಲಿ ಒಬ್ಬ ಪಂಡಿತನಿದ್ದ. ಕಡಲ ಕೆಸರಿನಲ್ಲಿ ಬದುಕುವ ದುಂಡುಹುಳುಗಳ ಕುಲಗೋತ್ರ ವಿಚಾರಿಸುವುದೇ ಅವನ ಕಸುಬು. ಕೂದಲೆಳೆಯಂಥ ಹುಳುಗಳು, ಮೈ ಗಾಜಿನಷ್ಟು ತಿಳಿ. ಸೂಕ್ಷ್ಮದರ್ಶಕದ ಕೆಳಗಿಟ್ಟರೆ ಬಾಯಿಯಿಂದ ಬಾಲದವರೆಗೆ ಒಳಗಿನದೆಲ್ಲ ಕಾಣುತ್ತದೆ. ಬಾಯಲ್ಲಿ ಹಲ್ಲಿದ್ದರೆ ಒಂದು ಕುಲ, ಇಲ್ಲದಿದ್ದರೆ ಇನ್ನೊಂದು. ತಲೆಯ ಪಕ್ಕದಲ್ಲಿ ವಾಸನೆ ಹಿಡಿಯುವ ಗುಳಿ ಇರುತ್ತದೆ. ಅದು ಬಟ್ಟಲಿನಂತಿದೆಯೋ ಸುರುಳಿಯಂತಿದೆಯೋ ನೋಡಿ ಮತ್ತೆ ಪಂಗಡ ಮಾಡಬೇಕು. ಮೂವತ್ತು ವರ್ಷ ಅವನು ಬೇರೆಯವರು ಇಟ್ಟ ಹೆಸರುಗಳನ್ನೇ ಹೊಂದಿಸುತ್ತ ಬಂದಿದ್ದ. ಹೊಸ ಹುಳುವೊಂದು ಸಿಕ್ಕರೆ ತೀರಿಹೋದ ಮಗಳ ಹೆಸರಿಡಬೇಕು, ಅಷ್ಟೇ ಅವನ ಆಸೆ.

ಒಂದು ದಿನ ಸಿಕ್ಕಿತು. ಬಾಯಲ್ಲಿ ಮೂರು ಹಲ್ಲು, ತಲೆಯ ಪಕ್ಕ ಬಟ್ಟಲಿನಂಥ ಗುಳಿ, ಅದು ಸಾಲದೆಂಬಂತೆ ಸೊಂಟದಲ್ಲೊಂದು ಸುರುಳಿ. ಸೊಂಟದಿಂದ ವಾಸನೆ ಹಿಡಿಯುವ ಹುಳುವನ್ನು ಯಾರೂ ಕಂಡಿರಲಿಲ್ಲ. ಪಂಡಿತ ಅತ್ತೇಬಿಟ್ಟ. ಚಿತ್ರ ಬರೆದು, ಕೆಳಗೆ ಮಗಳ ಹೆಸರು ಬರೆದ. ಸಂತೋಷ ತಡೆಯಲಾರದೆ, ಕೆಸರು ತಂದುಕೊಡುತ್ತಿದ್ದ ಮೀನುಗಾರ ಹೆಂಗಸನ್ನೇ ಕರೆದು ತೋರಿಸಿದ.

ಅವಳು ಒಂದು ಕಣ್ಣು ಮುಚ್ಚಿ ನೋಡಿದಳು. "ಒಡೆಯಾ, ಈ ಸೊಂಟದ್ದು ಇನ್ನೊಂದ್ರ ತಲೆ. ದೊಡ್ಡ ಮೀನು ಕೊಯ್ವಾಗ ಹೊಟ್ಟೆಯೊಳಗೆ ಸಣ್ಣ ಮೀನು ಇಡಿಯಾಗಿ ಸಿಕ್ಕೂದಿಲ್ವಾ, ಹಾಂಗೇ."

ಪಂಡಿತ ಮತ್ತೆ ಬಗ್ಗಿ ನೋಡಿದ. ಹಲ್ಲಿನ ಹುಳು ಗಾಜಿನ ಮೇಲೆ ಆಗಲೇ ಸತ್ತಿತ್ತು. ಅದರ ಕರುಳಿನೊಳಗೆ ಎರಡನೆಯ ತಲೆ ಮೆಲ್ಲಗೆ ಹೊರಳಿ, ಸುರುಳಿ ಅವನ ಕಡೆಗೆ ತಿರುಗಿ ನಿಂತಿತು. ಒಳಗಿನದು ಎಳೆದ ಕಡೆಗೆಲ್ಲ ಸತ್ತ ಮೈ ಬಾಗುತ್ತಿತ್ತು. ಬರೆದ ಹೆಸರನ್ನು ತನ್ನ ಕೈಯಿಂದಲೇ ಹೊಡೆದುಹಾಕಿದ. ಮಗಳನ್ನು ಎರಡನೆಯ ಸಲ ಕಳೆದುಕೊಂಡಷ್ಟು ನೋವಾಯಿತು.

ಶಿಷ್ಯ, "ಆದರೆ ನಾನು ಯಾರನ್ನೂ ನುಂಗಿಲ್ಲವಲ್ಲ, ಗುರುಗಳೇ?" ಎಂದ.

"ನನ್ನನ್ನು ನುಂಗಿದ್ದೀಯ," ಎಂದರು ಗುರು.