ಕಾಂಡ್ಲಕ್ಕನ ಪುಟ್ಟ ಬಾಗಿಲು

ಭೂಮಿಯ ಮೇಲಿನ ಕೆಸರು ಇನ್ನೂ ಆರಿರಲಿಲ್ಲ, ನದಿಗೆ ಸಮುದ್ರದ ದಾರಿ ಆಗಷ್ಟೇ ಗೊತ್ತಾಗಿತ್ತು. ಆ ಕಾಲದ ಮಾತಿದು. ನದಿ ಹೋಗಿ ಸಮುದ್ರ ಸೇರುವ ಅಳಿವೆಯಲ್ಲಿ, ಉಪ್ಪುನೀರಿನ ಕೆಸರಲ್ಲೇ ಬೇರೂರಿದ ಒಂದು ಕಾಂಡ್ಲಾ ಮರ ಇತ್ತು. ಎಲ್ಲರೂ ಅವಳನ್ನು ಕಾಂಡ್ಲಕ್ಕ ಅನ್ನುತ್ತಿದ್ದರು. ಒಳ್ಳೆಯವಳು. ಸ್ವಲ್ಪ ಹೆಚ್ಚೇ ಒಳ್ಳೆಯವಳು ಅನ್ನಿ.

ಆಗ ಮರಗಳ ಬೇರಿನಲ್ಲಿ ದೊಡ್ಡ ದೊಡ್ಡ ಬಾಗಿಲುಗಳಿದ್ದವು. ದಿನಕ್ಕೆರಡು ಸಲ ಉಬ್ಬರದ ನೀರು ಬಂದು, "ಕಾಂಡ್ಲಕ್ಕಾ, ಇದ್ದೀಯಾ?" ಅಂತ ಕೂಗುತ್ತಿತ್ತು. "ಬಾ ಬಾ, ಹೊರಗೇ ನಿಂತೆಯಲ್ಲ!" ಅಂತ ಅವಳು ಎಲ್ಲ ಬಾಗಿಲನ್ನೂ ತೆರೆದುಬಿಡುತ್ತಿದ್ದಳು.

ನೀರಿನ ಬೆನ್ನಿಗೇ ಉಪ್ಪಣ್ಣನೂ ಬರುತ್ತಿದ್ದ. ಮಹಾ ಜಂಬಗಾರ! ಒಬ್ಬನೇ ಎಲ್ಲಿಗೂ ಹೋದವನಲ್ಲ. ಎಡಕ್ಕೆ ಮೂರು ಹನಿ, ಬಲಕ್ಕೆ ಮೂರು ಹನಿ ಸುತ್ತುವರಿದೇ ಇರಬೇಕು. ಒಳಗೆ ಬಂದು ಕಾಲು ಚಾಚಿ ಕೂತನೆಂದರೆ ಏಳುವ ಮಾತೇ ಇಲ್ಲ.

ಅವನು ಕೂತಲ್ಲೆಲ್ಲ ಎಲೆ ಬಾಡುತ್ತಿತ್ತು. ಕಾಂಡ್ಲಕ್ಕ ಸಹಿಸಿಕೊಂಡಳು. ಆದರೆ ಮಕ್ಕಳು? ಕೊಂಬೆಯಿಂದ ಉದುರಿದ ಬೀಜಗಳು ಕೆಸರಿಗೆ ಬಿದ್ದ ಕೂಡಲೇ ತಾಯಿಯ ಹಾಗೆಯೇ ಬಾಗಿಲು ತೆರೆಯುತ್ತಿದ್ದವು. ಉಪ್ಪಣ್ಣ ನುಗ್ಗುತ್ತಿದ್ದ. ಪಾಪ, ಸುಕ್ಕುಗಟ್ಟಿ ಸತ್ತೇ ಹೋಗುತ್ತಿದ್ದವು. ಕೊನೆಗೆ ಕೊಂಬೆಯಲ್ಲಿ ಉಳಿದದ್ದು ಒಂದೇ ಒಂದು ಬೀಜ.

"ಅಮ್ಮಾ, ನಾನು ಯಾವಾಗ ಇಳಿಯಲಿ?" ಅಂತ ಅದು ಕೇಳಿತು. ಕಾಂಡ್ಲಕ್ಕನಿಗೆ ಅಳು ತಡೆಯಲಾಗಲಿಲ್ಲ.

ದಂಡೆಯ ಗುಡಿಸಲಿನ ಹೊನ್ನಜ್ಜಿ ಆಗ ಚಿಪ್ಪು ಹೆಕ್ಕುತ್ತಿದ್ದಳು. ಬುಟ್ಟಿ ಕೆಳಗಿಟ್ಟು ಬಂದಳು.

"ಏನಾಯ್ತೇ ಮಗಳೇ?"

"ಉಪ್ಪಣ್ಣ ನನ್ನ ಮಕ್ಕಳನ್ನೆಲ್ಲ ಕೊಂದ ಅಜ್ಜೀ."

"ಅವನನ್ನ ಒಳಗೆ ಬಿಟ್ಟವರು ಯಾರು?"

"ನೀರಿನ ಜೊತೆ ಬಂದವನು. ನೀರಿಗೆ ಬಾ ಅಂದು ಅವನಿಗೆ ಹೋಗು ಅನ್ನೋದು ಹೇಗೆ? ಮರ್ಯಾದೆ ಅಲ್ಲ ಅಲ್ವಾ?"

ಅಜ್ಜಿಗೆ ರೇಗಿತು. "ಮಕ್ಕಳ ಜೀವಕ್ಕಿಂತ ನಿನ್ನ ಮರ್ಯಾದೆ ಹೆಚ್ಚಾಯ್ತೇನೇ? ನನ್ನ ಗುಡಿಸಲಿನ ಬಾಗಿಲು ನೋಡು. ನಾನು ಯಾರಿಗೂ ಹೋಗು ಅಂದಿಲ್ಲ. ಆದರೆ ತಲೆ ಬಗ್ಗಿಸಿ ಒಬ್ಬೊಬ್ಬರೇ ಬರಬೇಕು. ಊರಗೌಡ ಆರು ಜನರನ್ನ ಕಟ್ಟಿಕೊಂಡು ಬರ್ತಾನೆ, ಅಂಗಳದಲ್ಲೇ ನಿಂತು ಮಾತಾಡಿ ಹೋಗ್ತಾನೆ."

ಕಾಂಡ್ಲಕ್ಕ ಕಣ್ಣೊರೆಸಿಕೊಂಡಳು. ಬೇರಿನ ದೊಡ್ಡ ಬಾಗಿಲುಗಳನ್ನೆಲ್ಲ ಮುಚ್ಚಿದಳು. ಒಂದೇ ಒಂದು ಹನಿ ನುಸುಳುವಷ್ಟು ಪುಟ್ಟ ಬಾಗಿಲುಗಳನ್ನಷ್ಟೇ ಉಳಿಸಿಕೊಂಡಳು.

ಉಬ್ಬರ ಬಂತು. ಹನಿಗಳು ಒಂದೊಂದಾಗಿ ಒಳಗೆ ಬಂದವು. ಉಪ್ಪಣ್ಣ ಹೊರಗೆ ನಿಂತು, "ನಾನು ಬರುವ ಬಾಗಿಲೆಲ್ಲಿ?" ಅಂದ.

"ಇದೇ ಅಣ್ಣಾ. ಒಬ್ಬರೇ ಬರೋದಾದರೆ ಬನ್ನಿ."

"ಒಬ್ಬನೇ? ನಾನಾ?" ಅಂತ ಸಿಟ್ಟಿನಿಂದ ತನ್ನ ಆರೂ ಹನಿಗಳ ಜೊತೆ ನುಗ್ಗಲು ನೋಡಿದ. ಭುಜವೇ ಹಿಡಿಸಲಿಲ್ಲ! ಆಮೇಲೆ ಉಳಿದ ಹನಿಗಳನ್ನು, "ನೀವೂ ಹೋಗಬೇಡಿ, ನನ್ನ ಹತ್ತಿರವೇ ಇರಿ," ಅಂತ ಹಿಡಿದೆಳೆದ. ಹನಿಗಳು ಹಿಂದೆ ಮುಂದೆ ನೋಡಿದವು.

ಎಲೆಯ ಮೇಲಿದ್ದ ಗಾಳಿ ನಕ್ಕಿತು. "ಅವನು ಕೆಳಗೆ ಎಳೀಲಿ, ಮೇಲಿಂದ ನಾನೆಳೀತೀನಿ ಬನ್ನಿ." ಗಾಳಿ ಎಳೆಯಿತು, ಹನಿಗಳು ಹತ್ತಿದವು, ಬಾಡಿದ ಎಲೆಗಳು ತಲೆ ಎತ್ತಿದವು.

"ಈಗ ಇಳಿಯಲಾ ಅಮ್ಮಾ?"

"ತಡಿ. ಮೊದಲು ಬಾಗಿಲು ಕಾಯೋದು ಕಲಿ."

ಬೀಜ ಕೊಂಬೆಯಲ್ಲೇ ಮೊಳಕೆಯೊಡೆಯಿತು. ಬೆರಳುದ್ದವಾಯಿತು, ಗೇಣುದ್ದವಾಯಿತು. ಕಾಂಡ್ಲಕ್ಕ ದಿನಾ ಕೇಳುತ್ತಿದ್ದಳು.

"ನೀರು ಬಂದರೆ?"

"ಒಬ್ಬೊಬ್ಬರೇ ಬನ್ನಿ."

"ಉಪ್ಪಣ್ಣ ಬಂದರೆ?"

"ನೀವೂ ಒಬ್ಬರೇ ಬನ್ನಿ!"

ಒಂದು ದಿನ ನೀರು ಇಳಿದಿದ್ದಾಗ ಅವಳು ಎದೆ ಗಟ್ಟಿ ಮಾಡಿಕೊಂಡು ಕೈ ಸಡಿಲಿಸಿದಳು. ಮಗು ಕೆಸರಿನಲ್ಲಿ ನೆಟ್ಟಗೆ ನಾಟಿಕೊಂಡಿತು. ಉಬ್ಬರ ಬಂದು ಅದರ ತಲೆಯನ್ನೂ ಮುಚ್ಚಿತು. ನೀರು ಇಳಿಯುವ ತನಕ ಕಾಂಡ್ಲಕ್ಕ ಒಂದು ಎಲೆಯನ್ನೂ ಅಲ್ಲಾಡಿಸಲಿಲ್ಲ.

ನೀರು ಇಳಿಯಿತು. ಮಗು ಹಸಿರಾಗಿ ನಿಂತಿತ್ತು. "ಅಮ್ಮಾ, ಉಪ್ಪಣ್ಣ ಬೈಕೊಂಡು ಹೋದ!" ಅಂದಿತು. ಕಾಂಡ್ಲಕ್ಕ ನಕ್ಕಳು, ಅತ್ತಳು, ಮತ್ತೆ ನಕ್ಕಳು.

ಇವತ್ತಿಗೂ ಅಳಿವೆಗೆ ಹೋದರೆ ನೋಡು ಪುಟ್ಟಾ, ಕಾಂಡ್ಲಾ ಕೊಂಬೆಯಲ್ಲಿ ಉದ್ದುದ್ದ ಹಸಿರು ಕೋಲುಗಳು ನೇತಾಡುತ್ತಿರುತ್ತವೆ. ಬಾಗಿಲು ಕಾಯುವುದನ್ನು ಕಲಿಯುವ ತನಕ ಅವಳು ಯಾವ ಮಗುವನ್ನೂ ಕೈಬಿಡುವುದಿಲ್ಲ.